ಹನ್ನೊಂದು ಮನೆಗಳಲ್ಲಿದ್ದ ಟಿಲ್ಲರ್

ನವಿ ಮುಂಬಯಿಯ ಘಣಸೋಲಿಯ ನಮ್ಮ ವಸತಿ ಸೊಸೈಟಿಗೆ ಹುಲ್ಲು ಕತ್ತರಿಸಲು ಬರುವವನು ಕಳೆದ ತಿಂಗಳು ಕುಡುಗೋಲು ಬಿಟ್ಟು ಹೆಗಲಿಗೆ ನೇತುಹಾಕಿಕೊಳ್ಳುವ ಯಂತ್ರ ತಂದಿದ್ದ. ಆಯಿಲ್ ಬೆರೆಸಿದ ಪೆಟ್ರೋಲಿನ ಹೊಗೆ ಮೂರನೆಯ ಮಹಡಿಯ ನನ್ನ ಕಿಟಕಿಯವರೆಗೆ ಬಂತು. ತೊಂಬತ್ತರ ದಶಕದ ನಡುವೆ ಇದೇ ವಾಸನೆಯನ್ನು ಒಂದು ಬೆಳಿಗ್ಗೆ ಹತ್ತಿರದಿಂದ ಮೂಸಿದ್ದೆ, ಡೊಂಬಿವಲಿ ಮತ್ತು ಕಲ್ಯಾಣದ ನಡುವೆ, ರೈಲು ಹಳಿಯ ಪಕ್ಕದಲ್ಲಿ...

ಅಂದು ನನ್ನ ಜೊತೆಗಿದ್ದವರು ಡೊಂಬಿವಲಿಯಲ್ಲಿ ನಮ್ಮ ಕೆಳಗಿನ ಮನೆಯವರು. ವಿಜಾಪುರದ ಕಡೆಯವರು, ಕಲ್ಯಾಣದ ಲೋಕೋ ಶೆಡ್ಡಿನಲ್ಲಿ ಫಿಟ್ಟರ್. ಕಟ್ಟಡದ ಮರಾಠಿಯವರೂ ಕನ್ನಡದವರೂ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದರು. ನಾನು ಆಗ ಮುಂಬಯಿಯ ಒಂದು ಕನ್ನಡ ಪತ್ರಿಕೆಯಲ್ಲಿ ಉಪಸಂಪಾದಕಿ. ಉಡುಪಿಯಿಂದ ಬಂದಿದ್ದ ಅಮ್ಮನ ಜೊತೆ ಎರಡನೆಯ ಮಹಡಿಯಲ್ಲಿದ್ದೆ.

ರೈಲ್ವೆಯವರು ಹಳಿಯ ಪಕ್ಕದ ಖಾಲಿ ಜಾಗವನ್ನು ನೌಕರರಿಗೆ ತರಕಾರಿ ಬೆಳೆಯಲು ಕೊಡುತ್ತಿದ್ದರು. ಠಾಕುರ್ಲಿಯ ಹತ್ತಿರ ಕಾಕಾಗೆ ಅಂಥದೊಂದು ತುಂಡು ಸಿಕ್ಕಿತ್ತು. ಪಾಲಕ್, ಮೆಂತ್ಯ, ಮೂಲಂಗಿ ಬೆಳೆದು ಅರ್ಧವನ್ನು ಮೆಟ್ಟಿಲ ಮೇಲೆ ಸಿಕ್ಕವರಿಗೆ ಹಂಚುತ್ತಿದ್ದರು. ಎಂಜಿನ್ನುಗಳ ಕೆಳಗೆ ಬಾಗಿ ಬಾಗಿ ಅವರ ಬೆನ್ನು ಹೋಗಿತ್ತು, ಗುದ್ದಲಿ ಎತ್ತುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿತ್ತು. ನಿವೃತ್ತಿಯ ದಿನ ಆ ಜಾಗವನ್ನೂ ಬಿಟ್ಟುಕೊಡಬೇಕು ಎಂಬುದು ನಿಯಮ.

ಹಳೆಯ ಟಿಲ್ಲರ್‌ಗಳನ್ನು ಹುಡುಕಿ ತಂದು ಸರಿ ಮಾಡುವುದು ಅವರ ಹುಚ್ಚು. ಹಿಂದಿನಿಂದ ಎರಡು ಹಿಡಿಗಳನ್ನು ಹಿಡಿದು ನಡೆಯಬೇಕು, ಮುಂದೆ ಎಂಜಿನ್ನು ತಿರುಗಿಸುವ ಅಲಗುಗಳು ಮಣ್ಣನ್ನು ಸಡಿಲಿಸುತ್ತ ಹೋಗುತ್ತವೆ. ಹಳೆಯ ಬಂಗಲೆಗಳ ತೋಟಕ್ಕೆಂದು ಯಾವ ಕಾಲದಲ್ಲೋ ವಿಲಾಯತಿಯಿಂದ ತರಿಸಿದ್ದವು. ಬಂಗಲೆಗಳು ಒಡೆದು ಕಟ್ಟಡಗಳು ಏಳುವಾಗ ಗುಜರಿಗೆ ಬರುತ್ತಿದ್ದವು. ಮೊದಲ ಎರಡನ್ನು ಓಡುವ ಹಾಗೆ ಮಾಡಿ ಕೇಳಿದವರಿಗೆ ಕೊಟ್ಟುಬಿಟ್ಟಿದ್ದರು. ಠಾಣೆಯ ಬಂಗಲೆಯೊಂದರಿಂದ ಬಂದ ಮೂರನೆಯದನ್ನು ತಮಗೆಂದು ಇಟ್ಟುಕೊಂಡರು. ನಿವೃತ್ತಿಗೆ ಮುಂಚೆ ತಮ್ಮ ಜಾಗವನ್ನು ಒಂದು ಸಲವಾದರೂ ತಮ್ಮದೇ ಯಂತ್ರದಿಂದ ಉಳಬೇಕು. ಅವರಿಗೆ ಬೇಕಾಗಿದ್ದದ್ದು ಅಷ್ಟೇ.

ಅದನ್ನು ಟೆಂಪೋದಿಂದ ಇಳಿಸಿದ ವಾರವೇ ಸೊಸೈಟಿಯ ನೋಟೀಸು ಬಂತು: ಅಂಗಳದಲ್ಲಾಗಲಿ ಮೆಟ್ಟಿಲ ಕೆಳಗಾಗಲಿ ಯಂತ್ರ ಇಡುವಂತಿಲ್ಲ. ಕಾಕಾ ವಾದ ಮಾಡಲಿಲ್ಲ. ಒಂದು ಭಾನುವಾರ ಯಂತ್ರವನ್ನು ಪೂರ್ತಿ ಬಿಚ್ಚಿ ಹನ್ನೊಂದು ಮನೆಗಳಿಗೆ ಹಂಚಿದರು. ಟ್ಯಾಂಕು ಒಬ್ಬರ ಬಾಲ್ಕನಿಗೆ, ಹಿಡಿಗಳು ಇನ್ನೊಬ್ಬರ ಮಂಚದ ಕೆಳಗೆ, ಅಲಗುಗಳು ಮರಾಠಿ ಟೀಚರಮ್ಮನ ಕಪಾಟಿನ ಹಿಂದೆ. ಯಾವುದು ಎಲ್ಲಿದೆ ಎಂದು ಎಲ್ಲಿಯೂ ಬರೆದಿಡಲಿಲ್ಲ. ಒಂದೊಂದು ಭಾನುವಾರ ಒಂದೊಂದು ಬಾಗಿಲು ತಟ್ಟಿ ಒಂದು ಭಾಗ ಒಯ್ಯುತ್ತಿದ್ದರು, ತುಕ್ಕು ತೆಗೆದು ಸರಿಮಾಡಿ ಅದೇ ಮನೆಗೆ ಹಿಂದಿರುಗಿಸುತ್ತಿದ್ದರು.

ನಮ್ಮ ಪಾಲಿಗೆ ಬಂದದ್ದು ಗೋಣಿಯಲ್ಲಿ ಸುತ್ತಿದ ಕಂಚಿನ ಹಲ್ಲುಗಾಲಿ.

"ತಂಗೀ, ಮಷಿನ್ನಿನ ಜೀವ ಇದರಾಗ ಐತಿ. ನಿಮ್ಮನ್ಯಾಗ ಸಣ್ಣ ಹುಡುಗ್ರಿಲ್ಲ, ಆಟಕ್ಕ ತಗಿಯಂಗಿಲ್ಲಂತ ನಿನಗ ಕೊಟ್ಟೀನಿ."

ಅಮ್ಮ ಅದನ್ನು ಎತ್ತಿ ನೋಡಿ, "ಎಂಥದು ಮಾರಾಯ್ತಿ ಇದು, ದೇವಸ್ಥಾನದ ಗಂಟೆಯ ಹಾಗೆ ಭಾರ ಉಂಟು" ಎಂದರು. ಅಡುಗೆಮನೆಯ ಅಟ್ಟದ ಮೇಲೆ ಇಟ್ಟೆವು. ಅದರ ಸರದಿ ಮಳೆಗಾಲದಲ್ಲಿ ಬಂತು. ಕಾಕಾ ಒಯ್ದರು, ಎರಡು ವಾರ ಬಿಟ್ಟು ಗ್ರೀಸು ಹಚ್ಚಿ ತಂದುಕೊಟ್ಟರು. ಅಮ್ಮನ ಎದುರಿಗೇ ನಾನು ಕೈಚಾಚಿ ತೆಗೆದುಕೊಂಡೆ.

ದೀಪಾವಳಿಗೆ ಮೊದಲು ಮನೆಗೆ ಬಣ್ಣ ಹೊಡೆಸಬೇಕಿತ್ತು. ಅಮ್ಮ ಊರಿಗೆ ಹೋಗಿದ್ದರು. ಅಟ್ಟ ಖಾಲಿ ಮಾಡುತ್ತಿದ್ದಾಗ ಗುಜರಿಯವನು ಬಾಗಿಲಿಗೆ ಬಂದ. ಒಡೆದ ಸ್ಟೋವು, ತೂತು ಬಿದ್ದ ಪಾತ್ರೆಗಳ ಗೋಣಿಗಳ ಜೊತೆ ಗಾಲಿ ಇದ್ದ ಗೋಣಿಯನ್ನೂ ಇಳಿಸಿಕೊಟ್ಟೆ. ಬಿಚ್ಚಿ ನೋಡಲಿಲ್ಲ. ಮೂರು ದಿನಗಳ ಮೇಲೆ ರೈಲಿನಲ್ಲಿ ನೆನಪಾಯಿತು. ಇಳಿದು ನೇರ ಅವನ ಅಂಗಡಿಗೆ ಹೋದೆ.

"ವೋ ತೋ ಗಲ್ ಭೀ ಗಯಾ ಹೋಗಾ, ಬೆಹೆನ್‌ಜೀ" ಎಂದ. ಕಂಚು ಅಂಗಡಿಯಲ್ಲಿ ಒಂದು ದಿನವೂ ನಿಲ್ಲುವುದಿಲ್ಲವಂತೆ, ಆಗಲೇ ಕರಗಿಸುವವರ ಕೈಸೇರಿತ್ತು.

ಕಾಕಾಗೆ ಹೇಳಬೇಕು ಎಂದುಕೊಂಡೆ. ಈ ವಾರ, ಮುಂದಿನ ವಾರ...

ಡಿಸೆಂಬರಿನ ಒಂದು ಭಾನುವಾರ ಯಂತ್ರ ಕೂಡಿಸುವುದೆಂದು ನಿಗದಿಯಾಯಿತು. ಆ ದಿನದ ಮಟ್ಟಿಗೆ ಅಂಗಳ ಬಳಸಲು ಸೊಸೈಟಿ ಒಪ್ಪಿತ್ತು. ಭಾಗಗಳು ಒಂದೊಂದಾಗಿ ಮೆಟ್ಟಿಲಿಳಿದು ಬಂದವು, ಜೊತೆಗೆ ಮನೆಯವರೂ ಬಂದರು. ನೆಲಮಹಡಿಯ ಮಂಗಳೂರಿನ ಹೋಟೆಲಿನವರು ಎಲ್ಲರಿಗೂ ಚಹಾ ತರಿಸಿದರು.

"ಕಾಕಾ, ಇದು ಓಡದಿದ್ರೆ ನಮ್ಮ ಹೋಟ್ಲಿಗೆ ಕೊಡಿ. ಇಡ್ಲಿ ಹಿಟ್ಟು ರುಬ್ಬಲಿಕ್ಕೆ ಆಗ್ತದೆ."

"ಹಿಟ್ಟಿಗಲ್ಲೋ. ನಿನ್ನ ಸಾಂಬಾರದಾಗ ಬ್ಯಾಳಿ ಹುಡುಕಾಕ ಬೇಕು ಇದು."

ಎಲ್ಲರೂ ನಕ್ಕರು. ಹತ್ತು ಮನೆಗಳ ಭಾಗಗಳು ಚಾದರದ ಮೇಲೆ ಸಾಲಾಗಿ ಕುಳಿತಿದ್ದವು. ಕಾಕಾ ನನ್ನ ಕಡೆ ತಿರುಗಿ ಕೈಚಾಚಿದರು.

"ತಾ ತಂಗಿ, ಗಾಲಿ."

ಅಷ್ಟು ಜನ ನನ್ನನ್ನೇ ನೋಡುತ್ತಿದ್ದರು. ನಾನು ಹೇಳಿದ ಮಾತನ್ನು ಇಲ್ಲಿ ಹಾಗೆಯೇ ಬರೆಯುತ್ತಿದ್ದೇನೆ: "ಮಳೆಗಾಲದಲ್ಲಿ ನೀವು ತಗೊಂಡು ಹೋದಿರಲ್ಲ ಕಾಕಾ. ವಾಪಸ್ ಕೊಡ್ಲೇ ಇಲ್ಲ."

ಪಕ್ಕದಲ್ಲಿದ್ದ ಅಮ್ಮ ನನ್ನ ಮುಖ ನೋಡಿದರು. ತಿರುಗಿ ಮೆಟ್ಟಿಲು ಹತ್ತಿ ಹೋದರು.

ಕಾಕಾ ಚಾಚಿದ ಕೈ ಹಿಂತೆಗೆದುಕೊಂಡರು. "ಕೊಟ್ಟಂಗ ನೆನಪೈತಲ್ಲ ನನಗ" ಎಂದರು. ಹೋಟೆಲಿನವರು ನನ್ನ ಕಡೆ ತಿರುಗಿ, ಒಮ್ಮೆ ನಿಮ್ಮ ಮನೆಯಲ್ಲೇ ಹುಡುಕಿ ನೋಡಿ ಎಂದರು. ಕಾಕಾ ಬೇಡವೆಂದು ತಲೆಯಾಡಿಸಿದರು. "ಪೇಪರಿನ್ಯಾಗ ಕೆಲಸ ಮಾಡೋ ಹುಡುಗಿ ಹೇಳ್ತಾಳಂದ್ರ ನಂದ ತಪ್ಪಿರಬೇಕ್ ಬಿಡ್ರಿ."

ಅವರು ಮನೆಯ ಡಬ್ಬಿಗಳನ್ನೆಲ್ಲ ಕೆಳಗೆ ಸುರಿದು ಹುಡುಕಿದರು. ಶೆಡ್ಡಿನ ಕಪಾಟು, ತರಕಾರಿ ಜಾಗದಲ್ಲಿದ್ದ ತಗಡಿನ ಗೂಡು, ಯಾವುದನ್ನೂ ಬಿಡಲಿಲ್ಲ. ಬೇರೆ ಯಾರಿಗಾದರೂ ಕೊಟ್ಟೆನೇ ಎಂದು ಹತ್ತೂ ಮನೆಗಳ ಬಾಗಿಲು ತಟ್ಟಿದರು. ಜನ ಮೊದಮೊದಲು ಅವರೊಂದಿಗೆ ಹುಡುಕಿದರು, ಆಮೇಲೆ ಪಾಪ ಎಂದರು. ಅಲ್ಲಿಂದ ಅವರು ಬೀಗ ಹಾಕಿದ ಬಾಗಿಲನ್ನು ಎರಡೆರಡು ಸಲ ಎಳೆದು ನೋಡತೊಡಗಿದರು. ಬೆಳಿಗ್ಗೆ ಕಲ್ಯಾಣದ ಲೋಕಲ್ಲಿಗೆ ಹೊರಟವರು ಗ್ಯಾಸು ಆರಿಸಿದೆನೇ ಎಂದು ತಿರುಗಿ ಬರುತ್ತಿದ್ದರು.

ಫೆಬ್ರವರಿಯ ಹೊತ್ತಿಗೆ ಅವರು ಶೆಡ್ಡಿನಲ್ಲಿ ಎಂಜಿನ್ನುಗಳ ಬ್ರೇಕು ಸರಿಮಾಡುವ ಕೆಲಸ ಬಿಟ್ಟರು. ತಾವಾಗಿಯೇ ಮೇಲಧಿಕಾರಿಗಳ ಬಳಿ ಹೋಗಿ, ನನ್ನ ತಲೆಯ ಮೇಲೆ ನನಗೆ ನಂಬಿಕೆಯಿಲ್ಲ, ಬ್ರೇಕು ನನ್ನ ಕೈಗೆ ಕೊಡಬೇಡಿ ಎಂದು ಕೇಳಿಕೊಂಡರಂತೆ. ಇದನ್ನು ನನಗೆ ಹೇಳಿದ್ದು ಅವರ ಹೆಂಡತಿ. ನಿವೃತ್ತಿಯವರೆಗೆ ಅವರು ಸಾಮಾನು ಕೋಣೆಯಲ್ಲಿ ಕುಳಿತು ಉಳಿದ ಫಿಟ್ಟರುಗಳಿಗೆ ನಟ್ಟು ಬಿಗಿಯುವ ಪಾನಾಗಳನ್ನು ಎತ್ತಿ ಕೊಡುತ್ತಿದ್ದರು.

ಗಾಲಿಗಾಗಿ ಕಳಂಬೋಲಿಯ ಕಬ್ಬಿಣದ ಪೇಟೆಯವರೆಗೆ ಅಲೆದರು. ಎರಡು ಸಲ ನಾನೂ ಜೊತೆಗೆ ಹೋದೆ. ಅಲ್ಲಿ ಕಬ್ಬಿಣ ಎಷ್ಟು ಬೇಕಾದರೂ ಇತ್ತು, ಆ ಅಳತೆಯ ಹಲ್ಲುಗಾಲಿ ಇರಲಿಲ್ಲ. ಕೊನೆಗೆ ಡೊಂಬಿವಲಿಯ ಲೇತ್‌ನವನೊಬ್ಬ, ಹಳೆಯದನ್ನು ನೋಡದೆ ಹಲ್ಲು ಸರಿಯಾಗಿ ಕೂರುವುದಿಲ್ಲ ಎಂದು ಹೇಳಿಯೇ, ಬೀಡುಕಬ್ಬಿಣದಲ್ಲಿ ಅಂದಾಜಿನಿಂದ ಒಂದನ್ನು ಮಾಡಿಕೊಟ್ಟ.

ಅದನ್ನು ಕೂಡಿಸಿಕೊಂಡು ಒಂದು ಬೆಳಿಗ್ಗೆ ಕೈಗಾಡಿಯಲ್ಲಿ ಯಂತ್ರವನ್ನು ಜಾಗಕ್ಕೆ ಒಯ್ದರು. ನನ್ನನ್ನೂ ಕರೆದಿದ್ದರು. ನಾಲ್ಕನೆಯ ಸಲ ಹಗ್ಗ ಎಳೆದಾಗ ಎಂಜಿನ್ನು ಹತ್ತಿತು, ಹೊಗೆ ಮುಖಕ್ಕೆ ಬಂತು. ಕಾಕಾ ಹಿಡಿಗಳನ್ನು ಹಿಡಿದು ನಡೆದರು. ಮಣ್ಣು ಎರಡೂ ಕಡೆಗೆ ಪುಡಿಪುಡಿಯಾಗಿ ಬಿತ್ತು. ಅವರ ಬೆನ್ನು ನೆಟ್ಟಗಿತ್ತು. ಒಂಬತ್ತು ಹೆಜ್ಜೆ. ನಾನು ಎಣಿಸಿದ್ದೇನೆ. ಆಮೇಲೆ ಹಲ್ಲುಗಾಲಿಯ ಪೆಟ್ಟಿಗೆಯೊಳಗೆ ಕಲ್ಲು ಅಗಿದಂಥ ಸದ್ದಾಯಿತು. ಎಂಜಿನ್ನು ಓಡುತ್ತಲೇ ಇತ್ತು, ಅಲಗುಗಳು ನಿಂತವು.

ಅವರು ಎಂಜಿನ್ನು ಆರಿಸಿದರು. "ಲೇತಿನಾಂವಂದು ತಪ್ಪಿಲ್ಲ" ಎಂದರು. "ಅಸಲ್ ಗಾಲಿ ಎಲ್ಲಿ ಇಟ್ಟೆ ಅನ್ನೋದ ನೆನಪಾಗವಲ್ದು ತಂಗಿ."

ಆಗ ಅಲ್ಲಿ ನಾವಿಬ್ಬರೇ ಇದ್ದೆವು. ಹೇಳಬಹುದಿತ್ತು. ಕಲ್ಯಾಣದ ಕಡೆಗೆ ಹೋಗುವ ಲೋಕಲ್ಲೊಂದು ಬಂತು. ಅದು ದಾಟಿ ಹೋಗುವವರೆಗೆ ನಿಂತೆವು, ಆಮೇಲೆ ಯಂತ್ರವನ್ನು ಗಾಡಿಗೆ ಏರಿಸಿದೆವು.

ಕಾಕಾ ನಿವೃತ್ತರಾದರು, ಜಾಗ ಬೇರೆಯವರ ಹೆಸರಿಗೆ ಹೋಯಿತು. ಯಂತ್ರವನ್ನು ಅವರೇ ಗುಜರಿಗೆ ಹಾಕಿದರು. ನಾವು ನವಿ ಮುಂಬಯಿಗೆ ಬಂದ ಮೇಲೆ, ಆ ದಶಕ ಮುಗಿಯುವ ಮೊದಲೇ ಅವರು ಹೃದಯಾಘಾತದಿಂದ ತೀರಿಕೊಂಡರೆಂದು ತಿಳಿಯಿತು. ಎಲ್ಲವನ್ನೂ ಹೇಳಬೇಕೆಂದೇ ಅವರ ಮನೆಗೆ ಹೋಗಿದ್ದೆ. ಅವರ ಹೆಂಡತಿ ನನ್ನ ಕೈ ಹಿಡಿದು ಕೂರಿಸಿದರು.

"ಮರವಿನ ಜಡ್ಡು ಯಾವಾಗಿಂದ ಅಂತ ಡಾಕ್ಟರ ಕೇಳಿದ್ರವ್ವ. ಮಷಿನ್ ಕೂಡ್ಸಿದ ದಿನದಿಂದ ಅಂತ ಬರಸೀವಿ. ನೀ ಹೇಳಿದ್ಯಲ್ಲ, ಆವಾಗನ ನಮಗ ತಿಳದಿದ್ದು."

ಕೊನೆಯ ವರ್ಷಗಳಲ್ಲಿ ಅವರಿಗೆ ನಿಜವಾಗಿಯೂ ಮರೆವಿನ ಕಾಯಿಲೆ ಇತ್ತೋ, ಇಲ್ಲವೋ... ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಾಗುವ ಹಾಗಿಲ್ಲ. ಅಂದು ಚಹಾ ಕುಡಿದು ಎದ್ದು ಬಂದೆ.

ಈಗ ಅವರ ಹೆಂಡತಿಯೂ ಇಲ್ಲ, ನನ್ನ ಅಮ್ಮನೂ ಇಲ್ಲ. ಆ ಕಟ್ಟಡವನ್ನು ಕೆಡವಿ ಎತ್ತರದ್ದೊಂದನ್ನು ಕಟ್ಟಿದ್ದಾರೆ. ಉಳಿದಿರುವುದು ಅವರ ಮಗ. ಹೋದ ವರ್ಷ ಠಾಣೆಯ ಮದುವೆಯೊಂದರಲ್ಲಿ ಸಿಕ್ಕ. ಊಟ ಮುಗಿಸಿ ಪಕ್ಕಕ್ಕೆ ಕರೆದು ಮೊಬೈಲು ತೋರಿಸಿದ. ಬೀಗದ ಕೈ ಎಲ್ಲಿಟ್ಟೆ, ಬೆಳಿಗ್ಗೆ ಯಾರ ಜೊತೆ ಮಾತಾಡಿದೆ ಎಂದು ದಿನವೂ ಅದರಲ್ಲಿ ಬರೆದಿಟ್ಟುಕೊಳ್ಳುತ್ತಾನೆ.

"ದೀದಿ, ಪಪ್ಪಾ ಕೋ ಛಪ್ಪನ್ ಮೇ ಶುರೂ ಹುವಾ ಥಾ ನಾ?" ಎಂದು ಕೇಳಿದ. ಅಪ್ಪನಿಗೆ ಐವತ್ತಾರಕ್ಕೇ ಶುರುವಾಗಿತ್ತಲ್ಲ ಎಂದು. ಅವನಿಗೆ ಈಗ ಐವತ್ತೈದು.

ಅವನ ನಂಬರ್ ನನ್ನ ಫೋನಿನಲ್ಲಿದೆ. ಅವನು ಇಲ್ಲೇ ಹುಟ್ಟಿ ಬೆಳೆದವನು, ಕನ್ನಡ ಮಾತಾಡಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಇದನ್ನು ಕನ್ನಡದಲ್ಲಿ ಬರೆಯಲು ಕುಳಿತಾಗ ಅದು ನನಗೆ ಗೊತ್ತಿತ್ತು.