ಅತ್ತೆ ಹೇಳಿದ ಸಾಕ್ಷಿ

ನಾನು ಮದುವೆಯಾಗಿ ರಾಜಾಜಿನಗರಕ್ಕೆ ಬಂದಾಗ ನಮ್ಮ ಬೀದಿಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಿದ್ದವು. ಮಾಗಡಿ ರಸ್ತೆಯ ಕಡೆ, ಕೆರೆ ಏರಿಯ ಕೆಳಗೆ ಕೊರಮರ ಕೆಲವು ಗುಡಿಸಲುಗಳು. ಅಲ್ಲಿಂದ ಒಬ್ಬಾತ ಬಿದಿರು ಹೊತ್ತು ಬಂದು ಮನೆಗಳ ಮುಂದೆ ಕೂತು ಮೊರ, ಬುಟ್ಟಿ ಹೆಣೆದುಕೊಡುತ್ತಿದ್ದ.

ಒಂದು ದಿನ ಅತ್ತೆ ಆತನನ್ನು ಜಗುಲಿಯ ಮೇಲೆ ಕೂರಿಸಿ ರಾಗಿ ತುಂಬಲು ದೊಡ್ಡ ಬುಟ್ಟಿ ಹೆಣೆಸಿದರು. ಬೆಳಿಗ್ಗೆ ಬಂದವನು ಹೊರಟಾಗ ದೀಪ ಹಚ್ಚುವ ಹೊತ್ತಾಗಿತ್ತು. ಅದೇ ಮಧ್ಯಾಹ್ನ ಹಿಂದಿನ ಬೀದಿಯ ಮನೆಯೊಂದರಲ್ಲಿ ಬೆಳ್ಳಿ ಸಾಮಾನು ಕಳುವಾಯಿತು. ಬಿದಿರು ಹೊತ್ತ ಕೊರಮನೊಬ್ಬ ಆ ಕಡೆ ಓಡಾಡುತ್ತಿದ್ದ ಎಂದು ಆ ಮನೆಯ ಅಳಿಯ ಹೇಳಿದನಂತೆ. ಪೊಲೀಸರು ನೇರ ಗುಡಿಸಲಿಗೆ ಹೋಗಿ ಈತನನ್ನು ಹಿಡಿದು ತಂದರು. ಅಳಿಯ ಠಾಣೆಯಲ್ಲಿ ನೋಡಿ, 'ಇವನೇ' ಅಂದ. ಬೆಳ್ಳಿ ಮಾತ್ರ ಎಲ್ಲೂ ಸಿಗಲಿಲ್ಲ. ಅವರ ಕುಲವನ್ನೇ ಹುಟ್ಟುಗಳ್ಳರೆಂದು ಹೆಸರಿಸಿದ್ದ ಹಳೆಯ ಕಾನೂನು ಅಷ್ಟು ಹೊತ್ತಿಗೆ ರದ್ದಾಗಿತ್ತು. ನಮ್ಮ ಕಡೆ ಯಾರಿಗೂ ಅದು ರದ್ದಾದಂತೆ ಕಾಣಲಿಲ್ಲ.

ಆತನ ಹೆಂಡತಿ ಆಗ ಬಸುರಿ. ನಮ್ಮ ಬಾಗಿಲಿಗೆ ಬಂದು ಅತ್ತಳು. "ಅವತ್ತೆಲ್ಲಾ ನಿಮ್ಮನೆ ತಾವೇ ಇದ್ರಲ್ವಾ ಅವ್ವಾ. ಒಂದ್ ಮಾತು ಹೇಳ್ರವ್ವಾ."

ನನ್ನ ಗಂಡನಿಗೆ ಇಷ್ಟವಿರಲಿಲ್ಲ. "ಕೋರ್ಟು ಕಚೇರಿ ನಮಗ್ಯಾಕಮ್ಮ? ನಾಳೆ ಪೊಲೀಸ್ನೋರು ನಮ್ಮನೆಗೂ ಬರ್ತಾರೆ."

"ಬರ್ಲಿ ಬಿಡೋ. ಇದ್ದಿದ್ದನ್ನ ಇದ್ದ ಹಾಗೆ ಹೇಳೋಕೆ ಎಂಥ ಭಯ?" ಅಂದರು ಅತ್ತೆ.

ಮಾವ ತೀರಿಕೊಂಡ ಮೇಲೆ ಅತ್ತೆ ದೇವಸ್ಥಾನ ಬಿಟ್ಟರೆ ಬೇರೆಲ್ಲೂ ಹೋದವರಲ್ಲ. ನಾನೇ ಬಸ್ಸಿನಲ್ಲಿ ಕೋರ್ಟಿಗೆ ಕರೆದುಕೊಂಡು ಹೋದೆ.

ಸರ್ಕಾರಿ ವಕೀಲರು ನಗುತ್ತಲೇ ಕೇಳಿದರು. "ನೀವು ಅಡುಗೆಮನೇಲಿ ಇರ್ತೀರ. ಅವನು ಮಧ್ಯೆ ಎದ್ದು ಹೋಗಿ ಬಂದ್ರೆ ನಿಮಗೆ ಹೇಗಮ್ಮಾ ಗೊತ್ತಾಗುತ್ತೆ?"

ಅತ್ತೆ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡರು. "ಅಡುಗೆ ಸೊಸೆ ಮಾಡಿದ್ಲು ಸ್ವಾಮಿ. ನಾನು ಬಾಗಿಲಲ್ಲೇ ಕೂತಿದ್ದೆ. ಅವನ ಮೇಲಿಂದ ಕಣ್ಣು ತೆಗೀಲಿಲ್ಲ."

"ಯಾಕೆ?"

"ಕೊರಮರೋನು, ಏನಾದ್ರೂ ಎತ್ಕೊಂಡು ಹೋಗ್ತಾನೇನೋ ಅಂತ. ಊಟಾನೂ ಅಲ್ಲೇ ಮಾಡಿದೆ."

ಕೋರ್ಟಿನಲ್ಲಿ ಕೆಲವರು ನಕ್ಕರು. ಕಟಕಟೆಯಲ್ಲಿ ನಿಂತಿದ್ದ ಆತ ತಲೆಯೆತ್ತಲಿಲ್ಲ. "ನೋಡಿ ಸ್ವಾಮಿ, ಅವನ ಕಡೆ ಸಾಕ್ಷಿಗೇ ಅವನ ಮೇಲೆ ನಂಬಿಕೆ ಇಲ್ಲ," ಎಂದು ವಕೀಲರು ಕೂತುಬಿಟ್ಟರು. ವಯಸ್ಸಾದ ಹೆಂಗಸು, ತೂಕಡಿಸಿರಲೂಬಹುದು ಎಂದು ಮ್ಯಾಜಿಸ್ಟ್ರೇಟರು ಆತನಿಗೆ ಜೈಲು ಶಿಕ್ಷೆ ಕೊಟ್ಟರು.

ಮನೆಗೆ ಬಂದು ಕಾಲು ತೊಳೆಯುವಾಗ ಅತ್ತೆ, "ನಾನು ಹೇಳಿದ್ದು ತಪ್ಪಾಯ್ತೇನೇ?" ಅಂದರು.

"ಇಲ್ಲ ಅತ್ತೆ, ನಿಜ ತಾನೇ ಹೇಳಿದ್ರಿ."

"ನಿಜಾನೇ ಕಣೇ. ಎಂಥ ನಿಜ ನೋಡು."

ಅವರ ಮಾತನ್ನು ಅಂದು ಕೋರ್ಟಿನಲ್ಲಿ ಕೇಳಿಸಿಕೊಂಡಿದ್ದ ವಕೀಲರೊಬ್ಬರು ತಾವಾಗಿಯೇ ಅಪೀಲು ಹಾಕಿದರು. ಅದು ವಿಚಾರಣೆಗೆ ಬರುವ ಮೊದಲೇ ಆತನ ಹೆಂಡತಿಗೆ ಗುಡಿಸಲಲ್ಲಿ ಹೆರಿಗೆಯಾಯಿತು, ಹೆಣ್ಣು ಮಗು. ಅತ್ತೆ ತುಪ್ಪ, ರಾಗಿಹಿಟ್ಟು, ತಮ್ಮ ಹಳೆಯ ಸೀರೆಗಳನ್ನು ಗಂಟು ಕಟ್ಟಿಕೊಂಡು ನನ್ನನ್ನೂ ಕರೆದುಕೊಂಡು ಹೊರಟರು. ಬಗ್ಗಿ ಒಳಗೆ ಹೋಗಿ, ಬಾಣಂತಿಯ ಪಕ್ಕ ನೆಲದ ಮೇಲೆ ಕೂತು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡರು. ಅದರ ಅಂಗಾಲು ಸವರುತ್ತಾ ಕೂತಿದ್ದರು.

ಅಪೀಲಿನಲ್ಲಿ ಆತ ಬಿಡುಗಡೆಯಾದ. ಅಷ್ಟು ಅನುಮಾನದಿಂದ ಕಾವಲು ಕೂತವಳು ತೂಕಡಿಸಿದಳೆಂದರೆ ನಂಬಲಾಗದು ಎಂದರಂತೆ ಜಡ್ಜು. ಮಗು ಆಗಲೇ ಅಂಬೆಗಾಲಿಡುತ್ತಿತ್ತು.

ಮೂವರೂ ನಮ್ಮ ಮನೆಗೆ ಬಂದರು. ಅತ್ತೆಗೆ ಆತನ ಮುಖ ನೋಡಲಾಗಲಿಲ್ಲ. "ಅವತ್ತು ನಿನ್ನ ಕಾವಲು ಕಾಯ್ತಾ ಕೂತಿದ್ದೆ ಕಣಪ್ಪ. ಮನಸ್ಸಿಗೆ ಹಚ್ಕೋಬೇಡ," ಅಂದರು.

"ನಂಗೊತ್ತಿತ್ತು ಕಣ್ರವ್ವಾ. ಎಲ್ಲಾರ ಮನೇಲೂ ಹಂಗೇ ಕೂತ್ಕೊತಾರೆ. ಕೋರ್ಟಿಗೆ ಬಂದಿದ್ದು ನೀವೊಬ್ರೇ."

ಆಮೇಲೂ ನಮ್ಮ ಬೀದಿಗೆ ಬರುತ್ತಿದ್ದ, ಆದರೆ ಯಾರ ಜಗುಲಿಯನ್ನೂ ಹತ್ತಲಿಲ್ಲ. ನಡುರಸ್ತೆಯಲ್ಲೇ ಬಿದಿರು ಸೀಳುತ್ತಾ ಕೂರುತ್ತಿದ್ದ. ಬಿಸಿಲು, ಮೇಲೆ ಬಾ ಎಂದು ಅತ್ತೆ ಪ್ರತಿ ಸಲವೂ ಕರೆಯುತ್ತಿದ್ದರು. "ಬ್ಯಾಡ ಕಣ್ರವ್ವಾ," ಅನ್ನುತ್ತಿದ್ದ, "ಇಲ್ಲಿದ್ರೆ ನಾಕ್ ಜನ ನೋಡಿರ್ತಾರೆ."