ಸದ್ದು ಮಾಡುವ ಫಿಲ್ಟರೇ ಬೇಕಂತೆ

ಸ್ನೇಹಿತರೇ, ಸದ್ದು ಬರುವುದಿಲ್ಲ ಎಂಬ ಒಂದೇ ಕಾರಣಕ್ಕೆ ಒಳ್ಳೆಯ ಯಂತ್ರವನ್ನು ಬೇಡ ಎಂದವರನ್ನು ನೀವು ಕಂಡಿದ್ದೀರಾ? ನಾನು ಇವತ್ತು ಬೆಳಿಗ್ಗೆ ಕಂಡೆ. ಅವರು ನನ್ನ ಗಂಡ.

ಪೀತಮ್‌ಪುರದ ನಮ್ಮ ಹೋಟೆಲಿನಲ್ಲಿ ಗಲ್ಲಾದ ಪಕ್ಕ ದೊಡ್ಡ ಮೀನಿನ ತೊಟ್ಟಿಯಿದೆ. ಅದರ ಹಳೆಯ ಫಿಲ್ಟರ್ ಮೊನ್ನೆ ಯಾವಾಗಲೋ ನಿಂತುಹೋಗಿತ್ತು. ಮೀನುಗಳು ಮೇಲೆ ಬಂದು ಬಾಯಿ ಬಿಡುವವರೆಗೂ ನಮಗೆ ಗೊತ್ತೇ ಆಗಲಿಲ್ಲ. ಹೊಸದನ್ನು ತರಲು ಇಬ್ಬರೂ ಹೋದೆವು.

ತೊಟ್ಟಿಯ ಕೆಳಗೆ ಇಡುವ ಡಬ್ಬಿಯಂಥ ಫಿಲ್ಟರ್ ತೋರಿಸಿ ಅಂಗಡಿಯವನು, "ಸರ್, ಬಿಲ್ಕುಲ್ ಸೈಲೆಂಟ್" ಎಂದ.

"ತೋ ನಹೀ ಚಾಹಿಯೇ, ಭಯ್ಯಾ" ಎಂದರು ಇವರು. ಸದ್ದಿಲ್ಲದಿದ್ದರೆ ಬೇಡವಂತೆ!

"ಜನ ಕೂತು ತಿಂಡಿ ತಿನ್ನುವ ಜಾಗ ರೀ, ಸದ್ದು ಯಾಕೆ ಬೇಕು?" ಎಂದೆ.

"ಒಳಗೆ ಗ್ರೈಂಡರ್ ನಿಂತ್ರೆ ನನಗೆ ಗಲ್ಲಾದಲ್ಲಿ ಕೂತೇ ಗೊತ್ತಾಗ್ತದೆ ಮಾರಾಯ್ತಿ. ಇದು ನಿಂತ್ರೆ ಯಾರು ಹೇಳ್ತಾರೆ? ಮೀನು ಬಂದು ಹೇಳ್ತದಾ?"

ಕೊನೆಗೆ ಮೇಲಿನಿಂದ ಗಳಗಳ ನೀರು ಸುರಿಸುವ ಫಿಲ್ಟರ್ ಬಂತು. ಮೀನುಗಳು ಖುಷಿಯಾಗಿ ಓಡಾಡತೊಡಗಿದವು. ಮಧ್ಯಾಹ್ನ ಗಿರಾಕಿಯೊಬ್ಬರು ಕೈ ತೊಳೆಯುವಲ್ಲಿಗೆ ಎದ್ದು ಹೋಗಿ, ನಲ್ಲಿ ತೆರೆದೇ ಉಳಿದಿದೆಯೇ ಎಂದು ನೋಡಿಬಂದರು.

ಇವರೋ, ಆ ಸದ್ದಿಗೆ ಗಲ್ಲಾದಲ್ಲೇ ನಿದ್ದೆ ಹೋದರು. ಬಿಲ್ ಕೊಡಲು ಜನ ನಿಂತಿದ್ದರು. ಕರೆದೆ, ಏಳಲಿಲ್ಲ. ಭುಜ ಅಲುಗಿಸಿದೆ, ಏಳಲಿಲ್ಲ. ಫಿಲ್ಟರಿನ ಸ್ವಿಚ್ ಆರಿಸಿದೆ. "ಏನಾಯ್ತು!" ಎಂದು ಎದ್ದು ನಿಂತರು.

ಮೀನುಗಳ ಅಭಿಪ್ರಾಯ ಗೊತ್ತಿಲ್ಲ. ಇಷ್ಟು ಉಪಯೋಗಕ್ಕೆ ಬರುವ ವಸ್ತು ನನಗಂತೂ ಈ ಸಂಸಾರದಲ್ಲಿ ಇದುವರೆಗೆ ಸಿಕ್ಕಿರಲಿಲ್ಲ.