ಗೇಟಿನ ಪಕ್ಕದ ಕಲ್ಲಿನ ಚಿಬ್ಬು

ಆಸಿಡ್ ಬಾಟಲಿಯ ಮುಚ್ಚಳ ತೆಗೆದಾಗ ಬರುವ ಕಟುವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ವಿನೋಬನಗರದ ನಮ್ಮ ಮನೆಗೆ ಬಚ್ಚಲು ತೊಳೆಯುವುದಕ್ಕೂ ಅದನ್ನು ತರಿಸುವುದಿಲ್ಲ. ಸೋಪಿನ ಪುಡಿ ಹಾಕಿ ತೆಂಗಿನ ನಾರಿನಲ್ಲಿ ಉಜ್ಜುತ್ತೇನೆ, ಸೊಂಟ ಹಿಡಿದರೂ ಸರಿ. ಪಕ್ಕದ ಮನೆಯವರು ಆಸಿಡ್ ಸುರಿದ ದಿನ ನಮ್ಮ ಕಿಟಕಿಗಳೆಲ್ಲ ಧಡಾರನೆ ಮುಚ್ಚಿಕೊಳ್ಳುತ್ತವೆ. 'ಅವರ ಬಚ್ಚಲು, ಅವರ ಆಸಿಡ್, ನಿನಗೇನು ಕಷ್ಟ?' ಎಂದು ನಮ್ಮ ಯಜಮಾನರು ಕೇಳುತ್ತಾರೆ. ಕಷ್ಟ ಏನೆಂದರೆ, ಅಪ್ಪನ ಅಕ್ಕ ಗಿರಿಜತ್ತೆ ಹೋಗಿ ವರ್ಷ ತುಂಬುವ ಹಿಂದಿನ ದಿನ ಹೊಸಮನೆ ಬಡಾವಣೆಯ ನಮ್ಮ ತವರುಮನೆಯ ಗೇಟು ತೆಗೆದಾಗ ನನ್ನನ್ನು ಎದುರುಗೊಂಡಿದ್ದು ಇದೇ ವಾಸನೆ. ಮರುದಿನ ಪುಣ್ಯಸ್ಮರಣೆ, ಅಯ್ಯನವರು ಬರುವವರಿದ್ದರು. ಮನೆ ಚೊಕ್ಕಟವಾಗಿರಲಿ ಎಂದು ನಮ್ಮಣ್ಣ ಕಲ್ಲಿನ ಕಾಂಪೌಂಡಿಗೆ ಆಸಿಡ್ ಹೊಡೆಸಿ, ತಂತಿ ಬ್ರಷ್ಷಿನಲ್ಲಿ ತಿಕ್ಕಿಸಿ, ಬಿಳಿ ಬಣ್ಣದ ಡಬ್ಬಿ ತೆರೆದಿಟ್ಟುಕೊಂಡು ನಿಂತಿದ್ದ. ಅತ್ತೆ ಬದುಕಿನಲ್ಲಿ ಕೈಯಾರೆ ಬೆಳೆಸಿದ್ದು ಎರಡೇ, ಒಂದು ನಾನು, ಇನ್ನೊಂದು ಆ ಗೋಡೆಯ ಮೇಲಿನ ಚಿಬ್ಬು. ಅತ್ತೆಯ ನೆನಪಿಗಾಗಿ ಅದನ್ನೇ ಸುಟ್ಟುಹಾಕಿದ್ದರು.

ಚಿಬ್ಬು ಎಂದರೆ ನಿಮಗೆ ಗೊತ್ತು. ಹಳೆಯ ಕಲ್ಲುಗಳ ಮೇಲೆ, ಮಾವು ಹಲಸಿನ ಕಾಂಡಗಳ ಮೇಲೆ ಬೂದು ಬಣ್ಣದ ದುಂಡು ಮಚ್ಚೆಗಳು ಇರುತ್ತವಲ್ಲ, ಅವು. ಮೈಮೇಲಿನ ಚಿಬ್ಬಿನ ಹಾಗೆಯೇ ಕಾಣುವುದರಿಂದ ನಮ್ಮ ಬೀದಿಯಲ್ಲಿ ಎಲ್ಲರೂ ಹಾಗೆಯೇ ಕರೆಯುತ್ತಿದ್ದರು. ಮಸಾಲೆಗೆ ಹಾಕುವ ಕಲ್ಲುಹೂವು ಇದರ ದಾಯಾದಿ. ಅದು ಎಲೆಯಂತೆ ಅಂಚೆತ್ತಿಕೊಂಡಿರುತ್ತದೆ, ಉಗುರು ಹಾಕಿ ಎಬ್ಬಿಸಬಹುದು. ಇದು ಹಾಗಲ್ಲ. ಕಲ್ಲಿಗೇ ಅಂಟಿ, ಕಲ್ಲಿನ ಚರ್ಮವೇ ಆಗಿಬಿಟ್ಟಿರುತ್ತದೆ. ಹತ್ತಿರ ಹೋಗಿ ನೋಡುವ ತಾಳ್ಮೆ ಇದ್ದವರಿಗೆ ಮಾತ್ರ ಅದರ ಚಂದ ಕಾಣುತ್ತದೆ. ನಡುವೆ ತಿಳಿಹಸಿರು ಬೆರೆತ ಬೂದಿ, ಬಿಸಿಲಿಗೆ ಒಣಗಿದ ಕೆರೆಯಂಗಳದಂತೆ ಸಣ್ಣ ಸಣ್ಣ ಬಿರುಕು, ಆ ಬಿರುಕುಗಳ ನಡುವೆ ಸಾಸಿವೆಗಿಂತ ಚಿಕ್ಕ ಕಂದು ಬಟ್ಟಲುಗಳು, ಸುತ್ತ ತೆಳುವಾದ ಬಿಳಿ ಅಂಚು. ಮಳೆ ಬಿದ್ದ ಅರ್ಧ ಗಳಿಗೆಯಲ್ಲಿ ಎಲ್ಲವೂ ಹಸಿರೇರುತ್ತಿತ್ತು. ಅದರೊಳಗೆ ಒಂದು ಶಿಲೀಂಧ್ರ, ಒಂದು ಪಾಚಿ, ಇಬ್ಬರೂ ಕೂಡಿ ಸಂಸಾರ ಮಾಡುತ್ತಾರೆ ಎಂದು ಮುಂದೆ ಕಾಲೇಜಿನಲ್ಲಿ ಮೇಷ್ಟರು ಹೇಳಿದರು. ಅತ್ತೆಗೆ ಅದು ಗೊತ್ತಿರಲಿಲ್ಲ. ಅವಳ ಸ್ವಂತ ಸಂಸಾರ ಎರಡೇ ವರ್ಷಕ್ಕೆ ಮುಗಿದು ತವರಿಗೆ ಬಂದವಳು. ಸೀರೆಯ ಸೆರಗಿಗೆ ರೇಷ್ಮೆ ಕುಚ್ಚು ಕಟ್ಟಿಕೊಟ್ಟು ತನ್ನ ಖರ್ಚು ತಾನೇ ನೋಡಿಕೊಳ್ಳುತ್ತಿದ್ದಳು.

ಆ ಕುಚ್ಚಿನ ಬಣ್ಣಕ್ಕಾಗಿಯೇ ಅವಳಿಗೆ ಚಿಬ್ಬಿನ ನಂಟು. ಮಳೆ ನಿಂತ ಬೆಳಿಗ್ಗೆ, ಕಲ್ಲು ನೆನೆದು ಚಿಬ್ಬು ಮೆತ್ತಗಾಗಿರುವಾಗ, ಮೊಂಡು ಚಾಕು ಹಿಡಿದು ಹೊಳೆದಂಡೆಯ ಬಂಡೆಗಳ ಕಡೆಗೆ ಹೊರಡುತ್ತಿದ್ದಳು. ಹಿಂದೆ ನಾನು. ಒಂದು ಮಚ್ಚೆಯಲ್ಲಿ ಅರ್ಧ ಹೆರೆದು ಅರ್ಧ ಬಿಡಬೇಕು, ಅದು ಅವಳ ಕಾನೂನು. ಹೆರೆದ ಪುಡಿಯನ್ನು ಭರಣಿಗೆ ಹಾಕಿ, ಮುಳುಗುವಷ್ಟು ಹಳೆಯ ಗಂಜಲ ಸುರಿದು, ಬಾಯಿಗೆ ಬಟ್ಟೆ ಕಟ್ಟಿ ಹಿತ್ತಿಲಿನಲ್ಲಿ ಇಡುತ್ತಿದ್ದಳು. ದಿನಕ್ಕೆರಡು ಸಲ ಅದನ್ನು ಕುಲುಕುವುದು ನನ್ನ ಕೆಲಸ, ಮೂಗು ಮುಚ್ಚಿಕೊಂಡು. ಮೊದಲ ವಾರ ಕಾಫಿ ಡಿಕಾಕ್ಷನ್ನಿನ ಬಣ್ಣ. ತಿಂಗಳಾಗುವಷ್ಟರಲ್ಲಿ ಆ ನಾತದೊಳಗಿನಿಂದ ನೇರಳೆ ಹಣ್ಣಿನ ಬಣ್ಣ ಎದ್ದು ಬರುತ್ತಿತ್ತು. ರೇಷ್ಮೆ ಎಳೆಯನ್ನು ಅದರಲ್ಲಿ ಅದ್ದಿ, ನೆರಳಿನಲ್ಲಿ ಒಣಗಿಸಿ ಕುಚ್ಚು ಕಟ್ಟಿದರೆ ಪೇಟೆಯ ಯಾವ ಬಣ್ಣವೂ ಅದರ ಮುಂದೆ ನಿಲ್ಲುತ್ತಿರಲಿಲ್ಲ. ಸೆರಗು ಹೊದ್ದು ಮೆರೆದ ಹೆಂಗಸರಿಗೆ ಅದು ಗಂಜಲದಲ್ಲಿ ಹುಟ್ಟಿದ ಬಣ್ಣ ಎಂದು ಗೊತ್ತಿರಲಿಲ್ಲ. ಅತ್ತೆ ಹೇಳಲೂ ಇಲ್ಲ. ಹೇಳದೆ ಮುಚ್ಚಿಡುವುದರಲ್ಲಿ ಅವಳು ಎಂಥ ಗಟ್ಟಿಗಿತ್ತಿ ಎಂಬುದು ನನಗೂ ಬಹಳ ತಡವಾಗಿ ತಿಳಿಯಿತು.

ಹೆರೆದು ತರುವುದಲ್ಲದೆ ಬೆಳೆಸಲೂ ನೋಡುತ್ತಿದ್ದಳು. ಚಿಟಿಕೆ ಪುಡಿಯನ್ನು ಹುಳಿಮಜ್ಜಿಗೆಯಲ್ಲಿ ಕಲಸಿ, ಪಾಲಿಶ್ ಇಲ್ಲದ ಒರಟು ಕಲ್ಲಿಗೆ ತೆಂಗಿನ ನಾರಿನಿಂದ ಹಚ್ಚುವುದು, ಸಂಜೆ ಹೊತ್ತು ನೀರು ಚಿಮುಕಿಸುವುದು. ಬೆಳಗಿನ ಎಳೆಬಿಸಿಲು ತಾಗಬೇಕು, ಮಧ್ಯಾಹ್ನದ ಬಿಸಿಲು ಬೀಳಬಾರದು, ನಲ್ಲಿಯ ನೀರು ಹರಿಯಬಾರದು. ಇಷ್ಟೆಲ್ಲ ಮಾಡಿದರೂ ಹತ್ತರಲ್ಲಿ ಒಂಬತ್ತು ಹಿಡಿಯುತ್ತಿರಲಿಲ್ಲ. ಹಿಡಿದದ್ದು ಗೇಟಿನ ಪಕ್ಕದ ಕಲ್ಲಿನದೊಂದೇ. ನಾನು ಹುಟ್ಟಿದ ವರ್ಷ ಹಚ್ಚಿದ್ದಂತೆ. ಅದಕ್ಕೆ ಚಾಕು ಮುಟ್ಟಿಸಿದವಳಲ್ಲ.

ನಾನು ಹುಟ್ಟಿದ್ದು ಭದ್ರಾವತಿಯಲ್ಲಿ. ಅಪ್ಪ ಅಲ್ಲಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಕ್ವಾರ್ಟರ್ಸಿನ ಎಡಗಡೆ ತಮಿಳು, ಬಲಗಡೆ ತೆಲುಗು, ನಡುವೆ ನಮ್ಮ ಕನ್ನಡ, ಎಲ್ಲರ ಮೇಲೂ ಒಂದೇ ಹೊಗೆ. ನನಗೆ ಐದು ವರ್ಷವಾದಾಗ ಅಮ್ಮ ತೀರಿಕೊಂಡಳು. ಆರಕ್ಕೆ ನನಗೆ ಉಬ್ಬಸ ಶುರುವಾಯಿತು. ನೋಡಲು ಬಂದ ಅತ್ತೆ ನನ್ನ ಎದೆ ಮುಟ್ಟುವ ಮೊದಲು ಅಂಗಳದ ಮಾವಿನಮರ ಮುಟ್ಟಿ ನೋಡಿದಳು. ಕಾಂಡದ ಮೇಲೆ ಒಂದು ಮಚ್ಚೆಯೂ ಇರಲಿಲ್ಲ, ಬರೀ ಮಸಿ. ಮುಂದಿನ ಸಲ ಬಸ್ಸಿನಲ್ಲಿ ಚಿಬ್ಬಿರುವ ಕಲ್ಲೊಂದನ್ನು ಮಡಿಲಲ್ಲಿಟ್ಟುಕೊಂಡು ತಂದು ನಮ್ಮ ಮೆಟ್ಟಿಲ ಬಳಿ ಇಟ್ಟಳು. ಆರು ತಿಂಗಳಲ್ಲಿ ಅದು ಹಳದಿಯಾಗಿ, ಹಪ್ಪಳದ ಚೂರಿನಂತೆ ಉದುರಿಹೋಯಿತು. 'ನೋಡೋ, ಇದಕ್ಕೇ ಉಸಿರಾಡಕ್ಕಾಗ್ಲಿಲ್ಲ, ಕೂಸಿಗೆ ಆಗುತ್ತೇನೋ?' ಎಂದು ತಮ್ಮನನ್ನು ಕೇಳಿ, ಅವನು ಉತ್ತರಿಸುವ ಮೊದಲೇ ನನ್ನ ಬಟ್ಟೆ ಗಂಟು ಕಟ್ಟಿದಳು. ಅಣ್ಣ ಅಪ್ಪನ ಜೊತೆ ಉಳಿದ. ಹೊಸಮನೆಗೆ ಬಂದ ಮೇಲೆ ನನ್ನ ಉಬ್ಬಸ ಇಳಿಯಿತು ಎಂಬುದು ನಿಜ. ಅದು ಗಾಳಿಯಿಂದಲೋ, ವಯಸ್ಸಿನಿಂದಲೋ, ಅತ್ತೆಯ ಮೆಣಸಿನ ಕಷಾಯದಿಂದಲೋ ಯಾರಿಗೆ ಗೊತ್ತು.

ನನ್ನ ಎಂಟನೆಯ ಹುಟ್ಟುಹಬ್ಬಕ್ಕೆ ಅಪ್ಪ ಬಂದರು. ಜೇಬಿನಲ್ಲಿ ಪಂಚ್ ಇತ್ತು. ಕಬ್ಬಿಣಕ್ಕೆ ತೂತು ಕೊರೆಯುವ ಮುಂಚೆ ಗುರುತು ಹಾಕುವ ಮೊನಚು ಉಕ್ಕಿನ ಕಡ್ಡಿ ಅದು. 'ಇದು ಬೆಳೆಯುತ್ತೆ ಅಂತೀಯಲ್ಲಕ್ಕ, ಪರೀಕ್ಷೆ ಮಾಡೇಬಿಡಣ' ಎಂದು, ಆಗ ರೂಪಾಯಿ ನಾಣ್ಯದಷ್ಟಿದ್ದ ಚಿಬ್ಬಿನ ಅಂಚಿಗೆ ಸರಿಯಾಗಿ, ಮೇಲುಗಡೆ, ಸುತ್ತಿಗೆಯಿಂದ ಒಂದು ಚುಕ್ಕೆ ಕುಟ್ಟಿದರು. ಮರುವರ್ಷ ಬಂದು ನೋಡಿದರೆ ಚುಕ್ಕೆ ಕಾಣಲಿಲ್ಲ, ಚಿಬ್ಬು ಅದನ್ನು ನುಂಗಿಕೊಂಡಿತ್ತು. ಅಪ್ಪ ನಕ್ಕರು. ಸ್ವಲ್ಪ ಬಲಕ್ಕೆ ಸರಿದು ಹೊಸ ಅಂಚಿಗೆ ಇನ್ನೊಂದು ಕುಟ್ಟಿದರು. ಅದರ ಮುಂದಿನ ವರ್ಷ ಮೂರನೆಯದು. 'ಅಕ್ಕಿಕಾಳಿನಷ್ಟೂ ಬೆಳೆದಿಲ್ಲ ಇದು, ನೀನು ನೋಡು ಗೇಣುದ್ದ ಬೆಳ್ದಿದೀಯ' ಎಂದು ನನ್ನನ್ನು ಅದೇ ಗೋಡೆಗೆ ನಿಲ್ಲಿಸಿ ತಲೆ ಮುಟ್ಟಿದರು.

ಆ ಮೂರನೆಯ ಸಲವೇ ಜಗಳವಾದದ್ದು. ನನ್ನನ್ನು ಕರೆದುಕೊಂಡು ಹೋಗುತ್ತೇನೆಂದು ಅಪ್ಪ ಹೇಳಿದರು. ಅತ್ತೆ ಹೊಸ್ತಿಲಲ್ಲಿ ಅಡ್ಡ ನಿಂತಳು. 'ಮೊದ್ಲು ನಿನ್ನ ಅಂಗಳದ ಕಲ್ಲಲ್ಲಿ ಇದನ್ನ ಬೆಳೆಸು. ಅವತ್ತು ಬಾ, ಕೂಸನ್ನ ನಾನೇ ಬಸ್ ಹತ್ತಿಸ್ತೀನಿ.' ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಆಮೇಲೆ ಅವರು ಬರಲಿಲ್ಲ. ಹನ್ನೊಂದನೆಯ ಹುಟ್ಟುಹಬ್ಬದ ದಿನ ಸ್ಕೂಲಿನಿಂದ ಓಡಿ ಬಂದು ಗೇಟಿನ ಬಳಿ, ಆ ಕಲ್ಲಿಗೆ ಬೆನ್ನು ಮಾಡಿ ಬೀದಿಯನ್ನೇ ನೋಡುತ್ತ, ಕತ್ತಲಾಗುವ ತನಕ ನಿಂತಿದ್ದೆ. ಹನ್ನೆರಡಕ್ಕೂ ನಿಂತೆ. ಹದಿಮೂರಕ್ಕೆ ನಿಲ್ಲಲಿಲ್ಲ, ಆ ಚಿಬ್ಬಿನ ಕಡೆ ಬಗ್ಗಿ ನೋಡುವುದನ್ನೂ ಬಿಟ್ಟಿದ್ದೆ. ಪಿಯುಸಿ ಮುಗಿದ ವರ್ಷ ಅಪ್ಪ ತೀರಿಕೊಂಡಾಗ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಒಂದು ಕಲ್ಲಿನ ಚಿಬ್ಬಿನ ಮಾತಿಗೆ ಮಗಳನ್ನು ಬಿಟ್ಟುಕೊಟ್ಟ ಮನುಷ್ಯ ಎಂದು ನಲವತ್ತು ವರ್ಷ ಅವರನ್ನು ಬೈದುಕೊಂಡೇ ಬಂದೆ. ಅವರ ಫೋಟೋವನ್ನು ನನ್ನ ಮನೆಯಲ್ಲಿ ತೂಗುಹಾಕಲಿಲ್ಲ. ಅತ್ತೆ ಅದನ್ನು ನೋಡಿದಳು, ನೋಡಿ ಸುಮ್ಮನಿದ್ದಳು. ಕ್ವಾರ್ಟರ್ಸ್ ಬಿಟ್ಟ ಮೇಲೆ ಅಣ್ಣನ ಸಂಸಾರ ಹೊಸಮನೆಗೇ ಬಂತು. ಅತ್ತೆ ಕೊನೆಯ ತನಕ ಅವರ ಜೊತೆಯಲ್ಲಿ, ಗೇಟಿನ ಪಕ್ಕದ ಕಲ್ಲಿಗೆ ಯಾರನ್ನೂ ಬ್ರಷ್ ಮುಟ್ಟಿಸಗೊಡದೆ, ಗದರಿಕೊಂಡು ಬದುಕಿದಳು. ನಾಣ್ಯದಷ್ಟಿದ್ದ ಚಿಬ್ಬು ತಿಂಡಿ ತಟ್ಟೆಯಷ್ಟಾಗಿತ್ತು.

ಆಸಿಡ್ ವಾಸನೆಯ ಆ ಬೆಳಿಗ್ಗೆ ನಾನು ಅಣ್ಣನ ಮೇಲೆ ಕೂಗಾಡಿದ್ದು ಇಡೀ ಬೀದಿಗೆ ಕೇಳಿಸಿರಬೇಕು. 'ಏನೇ ನಿಂದು ಮಾರಾಯ್ತಿ, ಗಲೀಜು ತೆಗೆಸ್ದೆ ಅಷ್ಟೆ! ಅತ್ತೆ ಇದ್ದಾಗಂತೂ ಬಿಡ್ಲಿಲ್ಲ, ಈಗ್ಲಾದ್ರೂ ಅವಳ ಹೆಸ್ರಲ್ಲಿ ನೀಟಾಗಿರ್ಲಿ ಅಂತ' ಎಂದ. ಅವನ ಮುಖದಲ್ಲಿ ಕಪಟವಿರಲಿಲ್ಲ, ಅದೇ ನನ್ನನ್ನು ಇನ್ನಷ್ಟು ಕೆರಳಿಸಿತು. ಕೆಟ್ಟದ್ದಕ್ಕೆಂದು ಮಾಡಿದ್ದರೆ ನಾಲ್ಕು ಬಾರಿಸಬಹುದಿತ್ತು. ಬಣ್ಣದವನು ಗೇಟಿನ ಕಲ್ಲಿಗೆ ಬ್ರಷ್ ಎತ್ತಿದ. ಅವನ ಕೈ ತಳ್ಳಿ ಕಲ್ಲಿಗೆ ಅಡ್ಡ ನಿಂತೆ. ಚಿಬ್ಬಿದ್ದ ಜಾಗ ಕೆರೆದ ಗಾಯದ ಹಾಗೆ ಬೆಳ್ಳಗೆ ಮಿನುಗುತ್ತಿತ್ತು. ಅದರ ನಡುವೆ ಬೆರಳಿಗೆ ಏನೋ ತಗುಲಿತು. ಬಗ್ಗಿ ನೋಡಿದೆ. ಅಪ್ಪನ ಚುಕ್ಕೆ! ನಲವತ್ತಕ್ಕೂ ಹೆಚ್ಚು ವರ್ಷದ ಹಿಂದೆ ಚಿಬ್ಬು ನುಂಗಿದ್ದನ್ನು ಆಸಿಡ್ ಉಗುಳಿಸಿತ್ತು. ಪಕ್ಕದಲ್ಲಿ ಎರಡನೆಯದು, ಮೂರನೆಯದು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನಾಲ್ಕನೆಯದಿತ್ತು, ಐದನೆಯದಿತ್ತು. ಚಕ್ಕುಲಿಯ ಸುತ್ತಿನ ಹಾಗೆ ಬಲಕ್ಕೆ ತಿರುಗುತ್ತ, ಪ್ರತಿ ಚುಕ್ಕೆಯೂ ಹಿಂದಿನದಕ್ಕಿಂತ ಚೂರೇ ಹೊರಗೆ. ಮೂರು ಸಲ ಎಣಿಸಿದೆ. ಹನ್ನೊಂದಿದ್ದವು. ಎಂಟರಿಂದ ಹದಿನೆಂಟರವರೆಗೆ, ನನ್ನ ಹನ್ನೊಂದು ಹುಟ್ಟುಹಬ್ಬಗಳು.

'ಅಪ್ಪ ಬರ್ತಿದ್ರಲ್ಲ' ಎಂದ ಅಣ್ಣ, ಇದೇನು ಹೊಸ ಸುದ್ದಿಯೇ ಎನ್ನುವ ಹಾಗೆ. 'ಸೆಕೆಂಡ್ ಶಿಫ್ಟ್ ಹಾಕಿಸ್ಕೊಂಡು ಬೆಳಿಗ್ಗೆ ಬರ್ತಿದ್ರು, ನೀನು ಸ್ಕೂಲಿಗೆ ಹೋದ್ಮೇಲೆ. ನಿನ್ನ ಮುಖ ಕಂಡ್ರೆ ಬಿಟ್ಟು ಬರಕ್ಕಾಗಲ್ಲ ಅಂತ. ನಿಂಗೆ ಹೇಳ್ಬಾರ್ದು ಅಂತ ಅತ್ತೆ ಕೈಲಿ ಆಣೆ ಹಾಕಿಸ್ಕೊಂಡಿದ್ರು.' ಮತ್ತೆ ಅಂದ, 'ಕ್ವಾರ್ಟರ್ಸಿನ ಮೆಟ್ಲಿಗೆ ದಿನಾ ಮಜ್ಜಿಗೆ ಹಚ್ತಿದ್ರು. ಅಷ್ಟು ವರ್ಷ ಹಚ್ಚಿದ್ರು. ಹಿಡೀಲೇ ಇಲ್ಲ.'

ನನಗೆ ಆಗ ಯಾರ ಮೇಲೆ ಸಿಟ್ಟು ಮಾಡಬೇಕೆಂದೇ ತಿಳಿಯಲಿಲ್ಲ. ಆಣೆ ಹಾಕಿಸಿಕೊಂಡ ಅಪ್ಪನ ಮೇಲೋ, ಅವರನ್ನು ನಾನು ಬೈಯುವುದನ್ನು ಜೀವಮಾನವಿಡೀ ಕೇಳಿಯೂ ಆಣೆ ಮುರಿಯದ ಅತ್ತೆಯ ಮೇಲೋ, ನೀನು ಕೇಳಲಿಲ್ಲ ಅದಕ್ಕೇ ಹೇಳಲಿಲ್ಲ ಎನ್ನುವ ಹಾಗೆ ನಿಂತಿದ್ದ ಅಣ್ಣನ ಮೇಲೋ. ಅತ್ತೆಯ ಮೇಲೆ ಹೆಚ್ಚು. ಸತ್ತವರ ಮೇಲೆ ಸಿಟ್ಟಾಗಬಾರದು ಎನ್ನುತ್ತಾರೆ, ಆದರೂ ಆಗಿದ್ದೇನೆ. ಮರುದಿನ ಅವಳ ಫೋಟೋಗೆ ಹೂ ಏರಿಸುವಾಗಲೂ ಮನಸ್ಸಿನಲ್ಲೇ ಬೈದೆ. ಕಳೆದ ತಿಂಗಳು ಭದ್ರಾವತಿಗೆ ಹೋಗಿದ್ದೆ. ಹೊಗೆ ಈಗ ಮೊದಲಿನಂತಿಲ್ಲ. ನಮ್ಮ ಕ್ವಾರ್ಟರ್ಸಿನ ಬಾಗಿಲಿಗೆ ಬೀಗ, ಅಂಗಳದ ತುಂಬ ಲಂಟಾನದ ಪೊದೆ. ಮಾವಿನ ಮರದ ಕಾಂಡದ ತುಂಬ ಬೂದುಹಸಿರು ಮಚ್ಚೆಗಳು. ಅಪ್ಪ ಮಜ್ಜಿಗೆ ಹಚ್ಚಿದ ಮೆಟ್ಟಿಲ ಮೇಲೆ ಕೂಡ ಎರಡು, ಯಾರೂ ಹಚ್ಚದೆ ತಾವಾಗಿಯೇ ಬಂದವು. ಅದನ್ನು ಕಂಡು ಸಂತೋಷವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಈಗ ಬಂದು ಏನು ಪ್ರಯೋಜನ ಎಂದು ಮೆಟ್ಟಿಲಿಗೆ ಕಾಲಿನಿಂದ ಒದೆಯಬೇಕೆನಿಸಿತು. ಒದೆಯಲಿಲ್ಲ. ಚೀಲದಲ್ಲಿ ಮೊಂಡು ಚಾಕು ಇತ್ತು. ಅತ್ತೆಯ ಕಾನೂನಿನಂತೆ ಅರ್ಧ ಹೆರೆದು ಅರ್ಧ ಬಿಟ್ಟೆ.

ಆ ಒಂದು ಕಲ್ಲಿಗೆ ಬಣ್ಣ ಬಳಿಯಲು ನಾನು ಬಿಟ್ಟಿಲ್ಲ. ಬಿಳಿ ಗೋಡೆಯ ನಡುವೆ ಅದು ಬೋಳಾಗಿ ನಿಂತಿದೆ, ಬಂದವರೆಲ್ಲ ಕೇಳುತ್ತಾರೆ. ಭದ್ರಾವತಿಯಿಂದ ತಂದ ಪುಡಿಯನ್ನು ಹುಳಿಮಜ್ಜಿಗೆಯಲ್ಲಿ ಕಲಸಿ, ಆ ಚುಕ್ಕೆಗಳ ಚಕ್ಕುಲಿಯ ನಟ್ಟನಡುವೆ ತೆಂಗಿನ ನಾರಿನಿಂದ ಹಚ್ಚಿದ್ದೇನೆ. ವಿನೋಬನಗರದಿಂದ ಸಿಟಿ ಬಸ್ಸು ಹಿಡಿದು ಸಂಜೆ ಸಂಜೆ ನೀರು ಚಿಮುಕಿಸಲು ಹೋಗುತ್ತೇನೆ, ಅಣ್ಣ ನಗುತ್ತಾನೆ, ನಗಲಿ. ಹತ್ತರಲ್ಲಿ ಒಂಬತ್ತು ಹಿಡಿಯುವುದಿಲ್ಲ ಎಂದು ನನಗೆ ಅವನಿಗಿಂತ ಚೆನ್ನಾಗಿ ಗೊತ್ತು. ಹಿಡಿದರೆ, ಎಂಟು ವರ್ಷಕ್ಕೆ ಅದರ ಅಂಚು ಮೊದಲ ಚುಕ್ಕೆಯ ಹತ್ತಿರ ಬರುತ್ತದೆ. ಆಮೇಲೆ ವರ್ಷಕ್ಕೊಂದು ಚುಕ್ಕೆಯನ್ನು ನುಂಗುತ್ತದೆ. ಅಪ್ಪ ವರ್ಷಕ್ಕೊಮ್ಮೆ ಬಂದು ಹೋದ ಹಾಗೆಯೇ, ಒಂದಾದ ಮೇಲೊಂದು. ಈ ಸಲ ನಾನು ಸ್ಕೂಲಿಗೆ ಹೋಗಿರುವುದಿಲ್ಲ.